ಬಾಯಮ್ಮನ ಚೀನಾ ಗುಳಿಗೆ

ಬಾಯಮ್ಮ ವೀಸಾ ಕ್ಯಾನ್ಸಲ್ ಮಾಡಿಸಿಕೊಂಡು ಊರಿಗೆ ಹೋಗಿ ನಾಲ್ಕು ತಿಂಗಳಾಯಿತು. ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಕೂತಾಗಲೆಲ್ಲ ಮೊದಲು ನೆನಪಾಗುವುದು ಅವರು ನನ್ನನ್ನು ಡ್ರೈವಿಂಗ್ ಟೆಸ್ಟಿನಲ್ಲಿ ಫೇಲ್ ಮಾಡಿಸಿದ್ದು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಹಾಗಾಗಿ ಮುಂದಿನ ಮಾತುಗಳಲ್ಲಿ ಖಾರ ಸ್ವಲ್ಪ ಹೆಚ್ಚಾಗಿದ್ದರೆ ಓದುವವರು ಹೊಂದಿಸಿಕೊಳ್ಳಬೇಕು.

ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಮಂಗಳೂರಿನಿಂದಲೇ ಫೋನ್ ಮಾಡಿ ಬೈಯುತ್ತಾರೆ. ಆ ಕಡೆಯವರು ಕ್ರೈಸ್ತ ಹೆಂಗಸರನ್ನು, ಸ್ವಲ್ಪ ವಯಸ್ಸಾದವರಾದರೆ, ಬಾಯಮ್ಮ ಎಂದು ಕರೆಯುತ್ತಾರಂತೆ. ಇಲ್ಲಿ ಗಲ್ಫಿನಲ್ಲಿ, ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಮಂಗಳೂರಿನವರೇ ಹೆಚ್ಚು. ಅವರ ಬಾಯಿಂದ ಕೇಳಿ ಕೇಳಿ ಮೈಸೂರಿನವಳಾದ ನನಗೂ ಅವರು ಬಾಯಮ್ಮನೇ ಆದರು. ಕುಳ್ಳಗೆ, ಗುಂಡಗೆ ಇದ್ದರು. ಬಿಳಿ ಯೂನಿಫಾರ್ಮಿನ ಎದೆಯ ಮೇಲೆ ತಲೆಕೆಳಗಾಗಿ ನೇತಾಡುವ ಗಡಿಯಾರ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ ಆ ಗಡಿಯಾರ ಎತ್ತಿ ನೋಡಿಕೊಂಡು, "ಪುರುಸೊತ್ತು ಸಿಗ್ಲಿಲ್ಲ ಮಾರಾಯ್ತಿ, ಈಗ್ಲೂ ಡ್ಯೂಟಿಗೆ ಲೇಟಾಯ್ತು" ಎಂದು ಎದ್ದು ಹೋಗುತ್ತಿದ್ದರು.

ನಮ್ಮ ಬೀದಿಯ ತಿರುವಿನಲ್ಲಿದ್ದ ಚಿಕ್ಕ ಕ್ಲಿನಿಕ್ಕಿನಲ್ಲಿ ಅವರು ನರ್ಸು. ಇಂಜೆಕ್ಷನ್ ಕೊಡುವಾಗ ಅವರದೊಂದು ಪದ್ಧತಿಯಿತ್ತು. ಸೂಜಿ ಹಿಡಿದು, "ನಿಮ್ಮದು ಊರು ಯಾವುದು?" ಎಂದು ಕೇಳುವರು. ರೋಗಿ "ಬಂಟ್ವಾಳದ ಹತ್ತಿರ..." ಎಂದು ಶುರುಮಾಡಿ ಬಸ್ಸು ಯಾವುದು, ಎಲ್ಲಿ ಇಳಿಯಬೇಕು ಎಂದು ವಿವರಿಸುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ನಾನು "ಮೈಸೂರು" ಎಂದು ಒಂದೇ ಮಾತಿನಲ್ಲಿ ಮುಗಿಸಿ ನೋವು ತಿಂದೆ. "ನೀನು ಎಂತಕ್ಕೆ ಸಿಟಿಯಲ್ಲಿ ಹುಟ್ಟಿದ್ದು?" ಎಂದು ನನ್ನನ್ನೇ ಗದರಿದರು. ಅವರು "ಅಲ್ಲಾಡ್ಬೇಡ" ಎಂದರೆ ಗಂಡಸರೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಈ ವಿಷಯ ಓದುವವರು ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು, ನನ್ನ ತಪ್ಪಿಗೆ ಸ್ವಲ್ಪ ಕ್ಷಮೆ ಸಿಗಬಹುದು.

ಇನ್ನೊಂದು ಪದ್ಧತಿಯೆಂದರೆ ಚೀಲ. ಡಾಕ್ಟರ ಬಳಿಗೆ ಹೋಗುವ ಮೊದಲು ರೋಗಿ ತಾನು ತಿನ್ನುವ ಎಲ್ಲ ಮಾತ್ರೆ, ಲೇಹ್ಯ, ಎಣ್ಣೆಗಳನ್ನು ಚೀಲದಲ್ಲಿ ತಂದು ಬಾಯಮ್ಮನ ಮೇಜಿನ ಮೇಲೆ ಸುರಿಯಬೇಕು. ಊರಿನಿಂದ ಅತ್ತೆ ಕಳಿಸಿದ ಕಷಾಯದ ಪುಡಿಯೂ ಅದರಲ್ಲಿ ಸೇರಬೇಕು. "ನರ್ಸಿನ ಹತ್ರ ಎಂತದ್ದೂ ಅಡಗಿಸ್ಲಿಕ್ಕಿಲ್ಲ. ಅಡಗಿಸಿದ್ರೆ ಸೂಜಿ ದಪ್ಪದ್ದು ಬರ್ತದೆ" ಎನ್ನುವರು. ಲೇಬಲ್ ಇಲ್ಲದ ಬಾಟಲಿ ಕಂಡರಂತೂ ಎರಡು ಬೆರಳಿನಲ್ಲಿ ಜಿರಳೆ ಹಿಡಿದ ಹಾಗೆ ಎತ್ತಿ ಕಸದ ಬುಟ್ಟಿಗೆ ಹಾಕುತ್ತಿದ್ದರು.

ಇಂಥ ಬಾಯಮ್ಮನ ಕೈಚೀಲದಲ್ಲಿ, ಓದಲು ಬಾರದ ಲೇಬಲ್ಲಿನ ಒಂದು ಚೀನಾ ಔಷಧಿಯ ಬಾಟಲಿಯಿತ್ತು ಎಂಬುದೇ ನನ್ನ ಕಥೆ.

ಕಾರಣ ಹೇಳುತ್ತೇನೆ. ಕ್ಲಿನಿಕ್ಕನ್ನು ರಂಜಾನ್ ಶುರುವಾಗುವ ಮೊದಲು ಮುಚ್ಚುತ್ತಾರೆಂದು ಗೊತ್ತಾಯಿತು. ಅದೇ ಮಾಲೀಕರದು ಇನ್ನೊಂದು ವಿಭಾಗ, ಮನೆಮನೆಗೆ ನರ್ಸುಗಳನ್ನು ಕಳಿಸುವುದು. ಅಲ್ಲಿ ಕೆಲಸವಿತ್ತು, ಆದರೆ ಕಾರು ಓಡಿಸುವ ಲೈಸೆನ್ಸ್ ಇದ್ದವರಿಗೆ ಮಾತ್ರ. ಲೈಸೆನ್ಸ್ ಇಲ್ಲವೋ, ವೀಸಾ ಖಲಾಸ್, ಊರಿಗೆ ಟಿಕೆಟ್. ಬಾಯಮ್ಮನಿಗೆ ಆಗ ಐವತ್ತೆರಡು. ಊರಿನಲ್ಲಿ ಅಣ್ಣನ ಮನೆಯಿತ್ತು. ಒಳ್ಳೆಯ ಅಣ್ಣನೇ. ಆದರೂ ಬಾಯಮ್ಮ ಹೇಳುತ್ತಿದ್ದರು: "ಅಲ್ಲಿ ಹೋದ್ರೆ ನಾನು ಅಣ್ಣನ ತಂಗಿ. ಇಲ್ಲಿ ನಾನು ನಾನೇ. ಇನ್ನೂ ಕೆಲವು ವರ್ಷ ನಾನೇ ಆಗಿ ಇರ್ಬೇಕು ನಂಗೆ."

ಅವರಿಗೆ ಓಡಿಸಲು ಬರುತ್ತಿರಲಿಲ್ಲವೆಂದಲ್ಲ. ನಾನೂ ಆಗ ಅದೇ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಯುತ್ತಿದ್ದೆ, ನೋಡಿದ್ದೇನೆ; ಕಲಿಸುವ ಮೇಡಂ ಪಕ್ಕದಲ್ಲಿ ಕೂತಾಗ ಬೆಣ್ಣೆ ಸವರಿದ ಹಾಗೆ ಓಡಿಸುತ್ತಿದ್ದರು. ತೊಂದರೆ ಇದ್ದದ್ದು ಟೆಸ್ಟಿನ ಪದ್ಧತಿಯಲ್ಲಿ. ಒಂದೇ ಕಾರಿನಲ್ಲಿ ಮೂವರು ಹೆಂಗಸರನ್ನು ಹತ್ತಿಸುತ್ತಾರೆ. ಮುಂದೆ ಎಕ್ಸಾಮಿನರ್ ಮೇಡಂ ಪಕ್ಕದಲ್ಲಿ ಒಬ್ಬಳು ಹತ್ತು ನಿಮಿಷ ಓಡಿಸುತ್ತಾಳೆ, ಮಿಕ್ಕಿಬ್ಬರು ಹಿಂದೆ ಕೂತು ಸರದಿ ಕಾಯಬೇಕು. ಬಾಯಮ್ಮನ ಸರದಿ ಯಾವಾಗಲೂ ಕೊನೆಗೆ ಬರುತ್ತಿತ್ತು. ಅವರಿಗೆ ಹಿಂದಿನ ಸೀಟು ಆಗುವುದೇ ಇಲ್ಲ. ಐದು ನಿಮಿಷಕ್ಕೆ ತಲೆ ತಿರುಗು, ಹತ್ತು ನಿಮಿಷಕ್ಕೆ ತಲೆನೋವು. ಹೆದರಿಕೆಗೆ ಕಲಿತದ್ದೆಲ್ಲ ಮರೆತ ಹೆಂಗಸರ ಹಿಂದೆ ಇಪ್ಪತ್ತು ನಿಮಿಷ ಕೂತು ತಮ್ಮ ಸರದಿ ಬರುವಷ್ಟರಲ್ಲಿ ಬಾಯಮ್ಮನ ಮುಖ ಹಸಿರಾಗಿರುತ್ತಿತ್ತು. ಹಾಗೆ ಮೂರು ಸಲ ಫೇಲಾಗಿದ್ದರು.

"ಮೊದಲು ನನ್ನನ್ನೇ ಕರೀರಿ ಅಂತ ಹೇಳಬಾರದಾ ಬಾಯಮ್ಮ?" ಎಂದೆ.

"ಹೇಳಿದ್ರೆ ಯಾಕೆ ಅಂತ ಕೇಳ್ತಾರೆ. ತಲೆ ತಿರುಗ್ತದೆ ಅಂದ್ರೆ ಡಾಕ್ಟರ್ ರಿಪೋರ್ಟ್ ತಾ ಅಂತಾರೆ. ಆ ಕಾಗದ ಈ ಕಾಗದ ಅಂತ ರಂಜಾನ್ ಬಂದೇ ಬಿಡ್ತದೆ. ಫಾರ್ಮಲ್ಲಿ ತಲೆ ತಿರುಗು ಉಂಟಾ ಅಂತ ಇತ್ತು. ಇಲ್ಲ ಅಂತ ಹಾಕಿದ್ದೇನೆ."

"ಅದು ಸುಳ್ಳಲ್ವಾ?"

"ಸುಳ್ಳು ಎಂತ? ಓಡಿಸುವಾಗ ನಂಗೆ ತಿರುಗುದಿಲ್ಲ. ಬೇರೆಯವರು ಓಡಿಸುವಾಗ ತಿರುಗ್ತದಾ ಅಂತ ಅವರು ಕೇಳ್ಲೇ ಇಲ್ಲ."

ಫಾರ್ಮಸಿಯಲ್ಲಿ ಇದಕ್ಕೆ ಮಾತ್ರೆ ಸಿಗುತ್ತದೆ. ಆದರೆ ಡಬ್ಬದ ಮೇಲೆ 'ನಿದ್ದೆ ಬರಬಹುದು, ವಾಹನ ಓಡಿಸಬೇಡಿ' ಎಂದು ಬರೆದಿರುತ್ತದೆ. ನರ್ಸಾಗಿ ಅದನ್ನು ಮೀರುವಂತಿಲ್ಲ. ಅವರ ಜೊತೆ ಕೆಲಸ ಮಾಡುವ ಫಿಲಿಪಿನೋ ನರ್ಸ್ ಒಬ್ಬಳು ಚೀನಾ ಗಿಡಮೂಲಿಕೆಯ ಅಂಗಡಿಯ ವಿಳಾಸ ಕೊಟ್ಟಳು. ಒಂದು ಶನಿವಾರ ಬೆಳಿಗ್ಗೆ ನನ್ನನ್ನೂ ಎಳೆದುಕೊಂಡು ಹೊರಟರು. ಟ್ಯಾಕ್ಸಿಯಲ್ಲಿ ನಾನು ಹಿಂದೆ ಕೂತರೆ ಬಾಯಮ್ಮ ಸೀದಾ ಮುಂದಿನ ಬಾಗಿಲು ತೆಗೆದರು. ಪಠಾಣ ಡ್ರೈವರ್ ಗಾಬರಿಯಾಗಿ, "ಬಹನ್, ಪೀಛೆ, ಪೀಛೆ" ಎಂದ. "ಭಾಯ್ ಸಾಬ್, ಪೀಛೆ ಬೈಠೇಗಾ ತೋ ಗಾಡಿ ಧೋನಾ ಪಡೇಗಾ" ಎಂದರು ಬಾಯಮ್ಮ, ಹಿಂದೆ ಕೂತರೆ ಗಾಡಿ ತೊಳೆಯಬೇಕಾದೀತು ಎಂದು. ಪಾಪ, ಅವನು ದಾರಿಯುದ್ದಕ್ಕೂ ಬಾಗಿಲಿಗೆ ಅಂಟಿಕೊಂಡು ಓಡಿಸಿದ.

ಬಲ್ಬಿನ ಅಂಗಡಿಗೂ ಟೈಲ್ಸ್ ಅಂಗಡಿಗೂ ನಡುವೆ ಆ ಅಂಗಡಿ. ಒಳಗೆ ಒಣಗಿದ ಬೇರುಗಳ ವಾಸನೆ, ಗಲ್ಲಾದ ಹಿಂದೆ ಒಬ್ಬ ಚೀನೀ ಅಜ್ಜಿ. ಅಜ್ಜಿಗೆ ಇಂಗ್ಲಿಷ್ ಬಾರದು. ಬಾಯಮ್ಮ ಹಣೆ ಹಿಡಿದುಕೊಂಡು, ಕಣ್ಣು ಮೇಲೆ ಮಾಡಿ, ಗಿರಗಿರನೆ ಒಂದು ಸುತ್ತು ಸುತ್ತಿ ತೋರಿಸಿದರು. ಅಜ್ಜಿ ತಲೆಯಾಡಿಸಿ, ನಾಲಗೆ ಚಾಚುವಂತೆ ಸನ್ನೆ ಮಾಡಿದಳು. ಬಾಯಮ್ಮ ಚಾಚಿದರು. ಅಜ್ಜಿ ನೋಡಿ 'ಹ್ಞೂಂ' ಎಂದು ಕೈನಾಡಿ ಹಿಡಿದಳು. ಅಷ್ಟು ಹೊತ್ತಿಗೆ ಬಾಯಮ್ಮನೊಳಗಿನ ನರ್ಸು ಎದ್ದು ಕೂತಿದ್ದಳು. ಎದೆಯ ಮೇಲಿನ ಗಡಿಯಾರ ನೋಡುತ್ತ ಅವರೂ ಅಜ್ಜಿಯ ನಾಡಿ ಹಿಡಿದರು. ಆಮೇಲೆ ಅಜ್ಜಿಗೂ ನಾಲಗೆ ಚಾಚಲು ಹೇಳಿದರು. ಅಜ್ಜಿ ಚಾಚಿದಳು! ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ನಾಲಗೆ ಹೊರಹಾಕಿ ನಿಂತದ್ದನ್ನು ಕಂಡು ನಾನು ಟೈಲ್ಸ್ ಅಂಗಡಿಗೆ ಓಡಿಹೋಗಿ ನಕ್ಕು ಬಂದೆ.

ಅಜ್ಜಿ ಕೊಟ್ಟದ್ದು ಕರಿಮೆಣಸಿನಂಥ ಗುಳಿಗೆಗಳು ತುಂಬಿದ ಬಾಟಲಿ. ಯಾವುದೋ ಬೇರಿನಿಂದ ಮಾಡಿದ್ದು. ತಲೆಯ ಸುತ್ತ ಕೈಯಾಡಿಸಿ, ಫೂ ಎಂದು ಊದಿ, ಕೈಯನ್ನು ಕೆಳಗಿಳಿಸಿ ತೋರಿಸಿದಳು. ತಲೆಯೊಳಗೆ ಏಳುವ ಗಾಳಿಯನ್ನು ಇದು ಇಳಿಸುತ್ತದೆ ಎಂದು ನಾವು ಅರ್ಥ ಮಾಡಿಕೊಂಡೆವು. ಎಂಟು ಬೆರಳು ತೋರಿಸಿದ್ದು ಎಷ್ಟು ಗುಳಿಗೆ ಎಂಬುದಕ್ಕೆ. ಬಾಟಲಿಯ ಮೇಲಿದ್ದದ್ದೆಲ್ಲ ಚೀನೀ ಅಕ್ಷರ.

"ಇದರ ಮೇಲೂ ವಾಹನ ಓಡಿಸಬೇಡಿ ಅಂತ ಬರೆದಿದ್ರೆ?" ಎಂದೆ.

"ಬರೆದಿದ್ರೆ ಬರೆದಿರ್ಲಿ. ನಂಗೆ ಓದ್ಲಿಕ್ಕೆ ಬರ್ತದಾ?" ಎಂದು ಬಾಟಲಿಯನ್ನು ಕೈಚೀಲಕ್ಕೆ ಇಳಿಸಿದರು. ಲೇಬಲ್ ಇಲ್ಲದ ಕಷಾಯಗಳನ್ನು ಬುಟ್ಟಿಗೆ ಎಸೆದ ಕೈಯೇ ಅದು.

ಟೆಸ್ಟಿನ ದಿನ ಹೆಂಗಸರು ಕಾಯುವ ಹಾಲಿನಲ್ಲಿ ಬಾಯಮ್ಮನಿಗೆ ಹಳೆಯ ವಿದ್ಯಾರ್ಥಿಯ ಗತ್ತು ಇತ್ತು. ಯಾವ ಎಕ್ಸಾಮಿನರ್ ರೌಂಡಬೌಟಿಗೆ ಕರೆದೊಯ್ಯುತ್ತಾರೆ, ಯಾರು ಮೌನವಾಗಿದ್ದೇ ಫೇಲ್ ಮಾಡುತ್ತಾರೆ ಎಲ್ಲ ಗೊತ್ತು. ಹೆದರಿ ಕೂತ ಹುಡುಗಿಯರಿಗೆ ಒಂದೊಂದು ಎರಡೆರಡು ಗುಳಿಗೆ ಕೊಡುತ್ತಿದ್ದರು. "ಚೀನಾದವರಿಗೆ ಎಂಟು, ನಿಂಗೆ ಎರಡು ಸಾಕು. ಮದ್ದಲ್ಲ ಇದು, ಸಪ್ಲಿಮೆಂಟ್. ಮದ್ದು ಕೊಡ್ಲಿಕ್ಕೆ ನರ್ಸಿಗೆ ಅಧಿಕಾರ ಇಲ್ಲ." ತಮಾಷೆಯೆಂದರೆ ಗುಳಿಗೆ ನುಂಗಿದ ಹುಡುಗಿಯರು ಪಾಸಾಗುತ್ತಿದ್ದರು. ಗುಳಿಗೆಯಿಂದಲೋ, ಗುಳಿಗೆ ಕೊಡುವಾಗ ಬಾಯಮ್ಮ ಬೆನ್ನ ಮೇಲೆ ಇಡುತ್ತಿದ್ದ ಆ ದಪ್ಪ ಕೈಯಿಂದಲೋ ನಾನು ಹೇಳಲಾರೆ. ಬಾಯಮ್ಮ ಮಾತ್ರ ಎಂಟಲ್ಲ, ಹತ್ತು ನುಂಗಿದರೂ ಮತ್ತೆ ಮೂರು ಸಲ ಫೇಲೇ.

ಅವರ ಏಳನೆಯ ಟೆಸ್ಟು, ನನ್ನ ಮೊದಲನೆಯದು, ಒಂದೇ ಕಾರಿನಲ್ಲಿ ಬಂತು. ಯಜಮಾನರು ಬೆಳಗಾಗುವ ಮೊದಲೇ ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಆಫೀಸಿಗೆ ಹೋಗುತ್ತಿದ್ದರು, ಮಗಳನ್ನು ಸ್ಕೂಲಿಗೆ ಬಿಡಲು ನಾನೇ ಕಾರು ಓಡಿಸಬೇಕಿತ್ತು. ಮೊದಲ ಸರದಿ ನನ್ನದು. ಚೆನ್ನಾಗಿಯೇ ಓಡಿಸುತ್ತಿದ್ದೆ, ದೇವರಾಣೆ. ಎಂಟನೆಯ ನಿಮಿಷಕ್ಕೆ ಹಿಂದಿನ ಸೀಟಿನಿಂದ ದನಿ ಬಂತು: "ನಿಲ್ಸು ಮಾರಾಯ್ತಿ, ನಿಲ್ಸು."

ಆ ದನಿಗೆ ಎದುರಾಡುವ ಶಕ್ತಿ ನನ್ನ ಕಾಲಿಗಿರಲಿಲ್ಲ. ನಡುರಸ್ತೆಯಲ್ಲಿ ಬ್ರೇಕ್ ಒತ್ತಿಬಿಟ್ಟೆ. ಹಿಂದಿನ ಬಸ್ಸು ಹಾರ್ನ್ ಹೊಡೆಯಿತು. ಎಕ್ಸಾಮಿನರ್ ಮೇಡಂ, ಕಪ್ಪು ಅಬಾಯ ತೊಟ್ಟ ಉದ್ದನೆಯ ಹೆಂಗಸು, ತಂಪು ಕನ್ನಡಕವನ್ನು ನೆತ್ತಿಗೇರಿಸಿ ನನ್ನನ್ನೇ ನೋಡಿ ಇಂಗ್ಲಿಷಿನಲ್ಲಿ ಕೇಳಿದರು: "ಯಾಕೆ ನಿಲ್ಲಿಸಿದೆ?"

ನಿಜ ಹೇಳಿದರೆ ಬಾಯಮ್ಮನ ತಲೆತಿರುಗು ಹೊರಬೀಳುತ್ತದೆ. ಲೈಸೆನ್ಸ್ ಸಿಗುವುದಿಲ್ಲ, ಕೆಲಸ ಹೋಗುತ್ತದೆ.

"ಬೆಕ್ಕು ಬಂತು, ಮೇಡಂ."

"ಎಲ್ಲಿ ಬೆಕ್ಕು?"

"ಹೋಯಿತು, ಮೇಡಂ."

ಬಾಯಮ್ಮ ಹಿಂದಿನಿಂದ ಏನಾದರೂ ಹೇಳಿಯಾರು ಎಂದು ಕಾದೆ. ಉಸಿರೆತ್ತಲಿಲ್ಲ. ನಾನು ಫೇಲ್. ಅವರೂ ಫೇಲ್. ಹಾಲಿಗೆ ಬಂದ ಮೇಲೆ ಮೆಲ್ಲಗೆ, "ಬೆಕ್ಕು ಅಂತ ಯಾಕೆ ಹೇಳಿದ್ದು? ಒಂಟೆ ಅಂದಿದ್ರೆ ಆದ್ರೂ ನಂಬ್ತಿದ್ರು" ಎಂದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಿಮ್ಮ ಜೊತೆ ಇನ್ನು ಮಾತಿಲ್ಲ ಎಂದು ಹೇಳಿ ಬಂದೆ.

ಬಾಯಮ್ಮನಿಗೆ ಕ್ಷಮೆ ಕೇಳಿ ಅಭ್ಯಾಸವಿಲ್ಲ. ಮೂರು ದಿನ ಬಿಟ್ಟು ನಮ್ಮ ಬಾಗಿಲಿನ ಹಿಡಿಕೆಗೆ ಒಂದು ಡಬ್ಬ ನೇತುಬಿದ್ದಿತ್ತು, ಒಳಗೆ ಕೆಸುವಿನೆಲೆಯ ಪತ್ರೊಡೆ. ಮರುವಾರ ಇನ್ನೊಂದು ಡಬ್ಬ. ಎರಡನ್ನೂ ತಿಂದೆ, ಮಾತಾಡಲಿಲ್ಲ. ಪತ್ರೊಡೆಯ ಮೇಲೆ ನನಗೇನೂ ಸಿಟ್ಟಿರಲಿಲ್ಲವಲ್ಲ. ಆ ವಾರಗಳಲ್ಲಿ ಲಿಫ್ಟಿನಲ್ಲಿ ಸಿಕ್ಕರೆ ಇಬ್ಬರೂ ಅಂತಸ್ತಿನ ನಂಬರನ್ನೇ ನೋಡುತ್ತ ನಿಲ್ಲುತ್ತಿದ್ದೆವು.

ಮುಂದಿನ ಟೆಸ್ಟಿಗೆ ಹೋದರೆ ಹಾಲಿನಲ್ಲಿ ಬಾಯಮ್ಮ! ಕಲಿಸುವ ಮೇಡಂ ಹತ್ತಿರ ನನ್ನ ದಿನ ಕೇಳಿಕೊಂಡು ತಾವೂ ಅದೇ ದಿನ ಹಾಕಿಸಿದ್ದರು. ರಂಜಾನಿಗೆ ಇನ್ನು ಒಂದೇ ವಾರ. ಅವರ ಪಾಲಿಗೆ ಇದೇ ಕೊನೆಯ ಟೆಸ್ಟು. ಪರದೆಯ ಮೇಲೆ ಸರದಿ ಬಂತು: ಮೊದಲು ನಾನು, ಆಮೇಲೆ ಉಳ್ಳಾಲದ ಕಡೆಯ ಒಬ್ಬ ಬ್ಯಾರಿ ಮುಸ್ಲಿಂ ಹುಡುಗಿ, ಕೊನೆಗೆ ಬಾಯಮ್ಮ.

ಕಾರಿನ ಬಳಿ ಅದೇ ಎಕ್ಸಾಮಿನರ್ ಮೇಡಂ. ನನ್ನನ್ನು ಕಂಡದ್ದೇ, "ಬೆಕ್ಕು?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಬಾಯಮ್ಮ ಮುಂದೆ ಬಂದರು. ಇಂಜೆಕ್ಷನ್ ಕೊಡುವ ಮೊದಲು ನಿಲ್ಲುವಂತೆ ಕಾಲು ಅಗಲಿಸಿ ನಿಂತು, ತಮ್ಮ ಆಸ್ಪತ್ರೆ ಇಂಗ್ಲಿಷಿನಲ್ಲಿ ಹೇಳಿದರು: "ಆ ಬೆಕ್ಕು ನಾನೇ, ಮೇಡಂ. ನಿಲ್ಲಿಸು ಅಂದದ್ದು ನಾನು. ಈ ಹುಡುಗಿಯದು ತಪ್ಪಿಲ್ಲ. ಹಿಂದೆ ಕೂತರೆ ನನಗೆ ತಲೆ ತಿರುಗುತ್ತದೆ, ವಾಂತಿ ಬರುತ್ತದೆ. ಇವತ್ತೂ ಬರುತ್ತದೆ."

ಬೇಡ ಬಾಯಮ್ಮ ಎಂದು ಕನ್ನಡದಲ್ಲಿ ಪಿಸುಗುಟ್ಟಿದೆ. ಅವರು ನನ್ನ ಕಡೆ ತಿರುಗಲಿಲ್ಲ. ಕೈಚೀಲ ತೆರೆದು ಬಾಟಲಿಯನ್ನು ಕಾರಿನ ಬಾನೆಟ್ಟಿನ ಮೇಲೆ ಇಟ್ಟರು, ರೋಗಿಗಳಿಂದ ಇಡಿಸುತ್ತಿದ್ದ ಹಾಗೆಯೇ.

ಎಕ್ಸಾಮಿನರ್ ಮೇಡಂ ಮುಚ್ಚಳ ತೆಗೆದು ಮೂಸಿ ಮುಖ ಹಿಂಡಿದರು. "ಇದರಿಂದ ಗುಣವಾಗುತ್ತದಾ?"

"ಬೇರೆಯವರಿಗೆ ಆಗ್ತದೆ, ಮೇಡಂ. ನನಗೆ ಆಗುವುದಿಲ್ಲ."

ಆ ಹೆಂಗಸು ನಗುವುದನ್ನು ನಾನು ಆ ಒಂದು ಸಲವೇ ಕಂಡದ್ದು. ನಗು ಮುಗಿದ ಮೇಲೆ ಮುಚ್ಚಳ ಹಾಕಿ ಬಾಟಲಿಯನ್ನು ತಮ್ಮ ಬಳಿಯೇ ಇಟ್ಟುಕೊಂಡರು. ವಾಪಸ್ ಕಳಿಸುತ್ತಾರೆ, ಮುಗಿಯಿತು ಎಂದುಕೊಂಡೆ. "ಓಡಿಸುವಾಗ?" ಎಂದು ಕೇಳಿದರು. "ಓಡಿಸುವಾಗ ಒಂದು ಸಲವೂ ಇಲ್ಲ" ಎಂದರು ಬಾಯಮ್ಮ. "ಯಲ್ಲಾ, ನಡಿ, ಹಾಗಾದರೆ ನೀನು ಮೊದಲು" ಎಂದು ಕೀಲಿ ಕೊಟ್ಟರು.

ಬಾಯಮ್ಮ ಓಡಿಸಿದ್ದನ್ನು ನೋಡಬೇಕಿತ್ತು. ವಾರ್ಡಿನಿಂದ ವಾರ್ಡಿಗೆ ನಡೆದುಹೋಗುವ ಹಾಗೆ, ಆತುರವಿಲ್ಲ, ಅನುಮಾನವಿಲ್ಲ. ಹಿಂದೆ ಕೂತಿದ್ದ ನನಗೆ ನಿದ್ದೆ ಬರುವಷ್ಟು ಹಿತವಾಗಿತ್ತು. ಆಮೇಲೆ ಅವರು ಹಿಂದಕ್ಕೆ ಬಂದು ಕೂತರು, ಬ್ಯಾರಿ ಹುಡುಗಿ ಮುಂದೆ ಹೋದಳು; ಬಾಯಮ್ಮನ ಕೊನೆಯ ಸರದಿ ಈಗ ನನ್ನ ಪಾಲಿಗೆ ಬಂದಿತ್ತು. ಅವಳು ಎರಡು ಗುಳಿಗೆ ನುಂಗಿದ್ದಳು, ಸುಖವಾಗಿ ಓಡಿಸಿದಳು, ಆದರೆ ಪ್ರತಿ ಸಿಗ್ನಲ್ಲಿನಲ್ಲೂ ಒಂದೊಂದು ಕುಲುಕು. ಕುಲುಕಿಗೊಮ್ಮೆ ಬಾಯಮ್ಮ ಕಣ್ಣು ಮುಚ್ಚಿ ಶಿಲುಬೆ ಗುರುತು ಹಾಕುತ್ತಿದ್ದರು.

ನನ್ನ ಸರದಿ ಬರುವಾಗ ಅವರು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡಿದ್ದರು. ಮತ್ತೆ ನಿಲ್ಸು ಎಂದು ಬಾಯಿಂದ ಬಂದೀತು ಎಂಬ ಹೆದರಿಕೆಗೆ. ನಾನು ಹೊರಟೆ. ಕನ್ನಡಿಯಲ್ಲಿ ಅವರ ಮುಖ ಕಂಡಿತು, ಬೂದಿ ಬಣ್ಣ, ಹಣೆಯಲ್ಲಿ ಬೆವರು. ರಸ್ತೆ ನೋಡಿದೆ. ಮತ್ತೆ ಕನ್ನಡಿ ನೋಡಿದೆ. ಕಣ್ಣು ಮುಚ್ಚಿದ್ದರು. ಮತ್ತೆ ನೋಡಿದೆ, ತಲೆ ಕಿಟಕಿಗೆ ಒರಗಿತ್ತು. ಉಸಿರಾಡುತ್ತಿದ್ದಾರಾ? ರೌಂಡಬೌಟಿನಲ್ಲಿ ಮೇಡಂ ಎರಡನೆಯ ತಿರುವು ಎಂದಿದ್ದರು. ನಾನು ಬಾಯಮ್ಮನ ಎದೆ ಏರಿಳಿಯುತ್ತಿದೆಯೇ ಎಂದು ನೋಡುತ್ತಾ ಒಂದಿಡೀ ಸುತ್ತು ಹಾಕಿದೆ. ಗಾಬರಿಯಲ್ಲಿ ಇನ್ನೊಂದು ಸುತ್ತೂ ಹಾಕಿದೆ. ತಲೆ ತಿರುಗುವವರನ್ನು ಹಿಂದೆ ಕೂರಿಸಿಕೊಂಡು, ಅವರ ಮೇಲಿನ ಕಾಳಜಿಯಿಂದಲೇ, ಎರಡು ಸುತ್ತು.

ಅಂಗಳಕ್ಕೆ ಬಂದು ಇಳಿದ ಮೇಲೆ ಮೇಡಂ ಬಾಯಮ್ಮನ ಬಾಟಲಿ ವಾಪಸ್ ಕೊಟ್ಟು "ಮಬ್ರೂಕ್" ಎಂದರು, ಅಂದರೆ ಅಭಿನಂದನೆ, ಪಾಸು. ಹುಡುಗಿಗೂ ಮಬ್ರೂಕ್. ನನಗೆ ಹೇಳಿದ್ದು: "ಕನ್ನಡಿ ನೋಡುವುದು ಬಹಳ ಚೆನ್ನಾಗಿದೆ. ರಸ್ತೆಯನ್ನೂ ಸ್ವಲ್ಪ ನೋಡಬೇಕಿತ್ತು."

ಬಾಯಮ್ಮ ಆಮೇಲೆ ಆರು ವರ್ಷ ಬಿಳಿ ಕಾರೊಂದರಲ್ಲಿ ಜಬೆಲ್ ಅಲಿಯಿಂದ ಮಿರ್ದಿಫ್‌ವರೆಗೆ ಮುದುಕರ ಮನೆಗಳಿಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟಿದರು, ಸೂಜಿ ಚುಚ್ಚಿದರು, ಊರು ಯಾವುದೆಂದು ಕೇಳಿದರು. ಬೀಳ್ಕೊಡುಗೆಯ ದಿನ ಎಲ್ಲರೂ ಅವರನ್ನು ತಾಳ್ಮೆಯ ಮೂರ್ತಿ ಎಂದು ಹೊಗಳಿದರು. ಆ ಮೂರ್ತಿ ಅಂಗಳದಲ್ಲಿ ನನ್ನನ್ನು ಬೈದದ್ದನ್ನು ಅವರು ಯಾರೂ ಕೇಳಿರಲಿಲ್ಲ.

ಟೆಸ್ಟಿನ ಆ ದಿನ, ತಮ್ಮ ಮಬ್ರೂಕ್ ಕೇಳಿದ್ದೇ ಬಾಯಮ್ಮ ಪಾರ್ಕಿಂಗಿನ ಮೂಲೆಗೆ ಓಡಿ ವಾಂತಿ ಮಾಡಿದರು. ನಾನು ನೀರಿನ ಬಾಟಲಿ ಹಿಡಿದು ನಿಂತೆ. ಬಾಯಿ ಮುಕ್ಕಳಿಸಿ, ನೆಟ್ಟಗಾಗಿ, ಮೊದಲು ಕೇಳಿದ್ದು "ನೀನು ಪಾಸಾ?" ಎಂದು.

"ಇಲ್ಲ. ಕನ್ನಡಿಯಲ್ಲಿ ನಿಮ್ಮನ್ನೇ ನೋಡ್ತಿದ್ದೆ."

"ನನ್ನನ್ನು ನೋಡ್ಲಿಕ್ಕೆ ಯಾರು ಹೇಳಿದ್ದು ನಿಂಗೆ? ನಾನು ಬಾಯಿಗೆ ಬಟ್ಟೆ ತುರುಕಿ ಕೂತದ್ದು ಯಾರಿಗೋಸ್ಕರ?"

"ನಿಮಗೇನಾದರೂ ಆಗಿಬಿಡುತ್ತೇನೋ ಅಂತ ಭಯ ಆಯ್ತು ಬಾಯಮ್ಮ."

"ಇಪ್ಪತ್ತಾರು ವರ್ಷ ಆಯ್ತು ಈ ದೇಶಕ್ಕೆ ಬಂದು" ಎಂದು ಬೆರಳೆತ್ತಿ ಗದರಿದರು. "ನಂಗೆ ಹುಷಾರುಂಟಾ ಇಲ್ವಾ ಅಂತ ಒಬ್ರು ತಿರುಗಿ ನೋಡ್ಲಿಲ್ಲ. ಇವತ್ತೇ ನೋಡ್ಬೇಕಿತ್ತಾ ನಿಂಗೆ?"

ಅಳು ಅವರನ್ನು ಮುಂದೆ ಬೈಯಲು ಬಿಡಲಿಲ್ಲ. ನಾನೂ ಅತ್ತೆ. ಪಕ್ಕದಲ್ಲಿ ಹಾದುಹೋದ ಹೆಂಗಸರಿಗೆ ನಮ್ಮಿಬ್ಬರಲ್ಲಿ ಪಾಸಾದವರು ಯಾರು, ಫೇಲಾದವರು ಯಾರು ಎಂದು ಗೊತ್ತಾಗುವ ಹಾಗಿರಲಿಲ್ಲ.